ಭಾಗೀರಥಮ್ಮ ಕಾಶಿಯಲ್ಲಿ ಬಿಟ್ಟದ್ದು

ಭಾಗೀರಥಮ್ಮನವರು ತಮ್ಮ ಮಗ ಸೀತಾರಾಮನಿಂದ ಆರು ಸಲ ಆಣೆ ಮಾಡಿಸಿದ್ದರು. ಮೊದಲನೆಯದು ದೇವರ ಮನೆಯ ದೀಪದ ಮುಂದೆ. ಎರಡನೆಯದು ನಂಜುಂಡೇಶ್ವರನ ಸನ್ನಿಧಿಯಲ್ಲಿ, ಉರಿಯುವ ಕರ್ಪೂರದ ಮೇಲೆ ಕೈಯಿಡಿಸಿ. ಆಮೇಲೆ ತೀರಿಹೋದ ಯಜಮಾನರ ಫೋಟೋ, ಮೊಮ್ಮಗಳು ಅಂಬುಜಳ ತಲೆ, ಹಸುವಿನ ಬಾಲ, ಕಪಿಲೆಯ ಸೊಂಟಮಟ್ಟದ ನೀರು. ಇನ್ನು ಈ ಜನ್ಮದಲ್ಲಿ ಕುಡಿಯುವುದಿಲ್ಲ ಎಂದು ಸೀತಾರಾಮ ಪ್ರತಿ ಸಲವೂ ಕಣ್ಣು ತುಂಬಿಕೊಂಡೇ ಹೇಳುತ್ತಿದ್ದ. ಆ ಕಣ್ಣೀರು ಸುಳ್ಳಲ್ಲ. ಆದರೆ ಅವನ ಜನ್ಮ ಒಂಬತ್ತು ದಿನಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ.

ಸೀತಾರಾಮನಿಗೆ ಆಗ ನಲವತ್ತೆರಡು. ನಂಜನಗೂಡಿನ ಸುತ್ತಮುತ್ತ ಮದುವೆ ಮುಂಜಿಗಳಿಗೆ ಅಡುಗೆ ಮಾಡುವವನು. ಕೈ ನೆಟ್ಟಗಿದ್ದ ಕಾಲದಲ್ಲಿ ಅವನು ಮೈಸೂರು ಪಾಕು ಮಾಡಿದರೆ ಬೀಗರು ಕೋಪ ಮರೆತು ಇನ್ನೊಂದು ತುಂಡು ಕೇಳುತ್ತಿದ್ದರು. ಒಲೆಯ ಮುಂದೆ ಎರಡು ದಿನ ಒಂದೇ ಸಮನೆ ನಿಲ್ಲುವ ಕೆಲಸ. ಮೈಕೈ ನೋವಿಗೆ ಅಂತ ಯಾರೋ ಒಂದು ಗುಟುಕು ಬ್ರಾಂದಿ ಕೊಟ್ಟರು. ನೋವು ಹೋಯಿತು, ಬ್ರಾಂದಿ ಉಳಿಯಿತು. ಈಗೀಗ ಸಕ್ಕರೆ ಪಾಕ ಎಳೆ ಬಂದಿದೆಯೇ ಎಂದು ಬೆರಳ ನಡುವೆ ಹಿಡಿದು ನೋಡುವಾಗ ಕೈ ನಡುಗುತ್ತಿತ್ತು. ಒಂದು ಮದುವೆಯಲ್ಲಿ ಪಾಕ ಮೀರಿಹೋಗಿ, ಮೈಸೂರು ಪಾಕನ್ನು ಒನಕೆಯಲ್ಲಿ ಕುಟ್ಟಿ ಬಡಿಸಬೇಕಾಯಿತು. ಹುಡುಗನ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಇವನನ್ನು ಕರೆಯುವವರು ಕಡಿಮೆಯಾದರು.

ಮಗ ಕುಡಿಯುವುದು ಭಾಗೀರಥಮ್ಮನವರಿಗೆ ಗೊತ್ತಾದ ಬಗೆಯನ್ನು ಮಾತ್ರ ಅವರು ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಬಚ್ಚಲುಮನೆಯಲ್ಲಿ ಒಟ್ಟಿದ್ದ ಸೌದೆಯ ಹಿಂದೆ ಬಾಟಲಿ ಸಿಕ್ಕಿತ್ತು. ಅರವತ್ತೆಂಟರ ವಯಸ್ಸಿನಲ್ಲಿ ಸೌದೆಯ ಹಿಂದೆ ಕೈ ಹಾಕಿದ್ದಾದರೂ ಯಾಕೆ ಅತ್ತೆ ಎಂದು ಸೊಸೆ ರಂಗನಾಯಕಿ ಕೇಳಿದಾಗ, ಚೇಳು ಕಂಡಿತು ಎಂದಿದ್ದರು. ಚೇಳು ಇರಲಿಲ್ಲ. ಅವರು ಹುಡುಕುತ್ತಿದ್ದದ್ದು ತಮ್ಮ ನಶ್ಯದ ಡಬ್ಬಿಯನ್ನು.

ಅದೊಂದು ಹನ್ನೆರಡು ವರ್ಷದ ಗುಟ್ಟು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕೆಂಬುದು ಪದ್ಧತಿ. ಬುದ್ಧಿವಂತರು ಸೀಮೆಬದನೆಕಾಯಿಯನ್ನೋ ಇನ್ನೇನನ್ನೋ, ಹೇಗೂ ತಿನ್ನದಿರುವುದನ್ನು, ಬಿಟ್ಟು ಬರುತ್ತಾರೆ. ಭಾಗೀರಥಮ್ಮನವರು ಗಂಗೆಯನ್ನು ಕಂಡ ಹುರುಪಿನಲ್ಲಿ, ಜೊತೆಗೆ ಬಂದವರೆಲ್ಲರ ಎದುರಿಗೆ, ಮೂವತ್ತು ವರ್ಷದಿಂದ ಮೂಗಿಗೇರಿಸುತ್ತಿದ್ದ ನಶ್ಯವನ್ನು ಬಿಟ್ಟರು. ಡಬ್ಬಿಯನ್ನು ನೀರಿಗೆ ಎಸೆದರು. ವಾಪಸು ಬರುವ ರೈಲು ನಾಗಪುರ ದಾಟುವಷ್ಟರಲ್ಲಿ ಹೊಸ ಡಬ್ಬಿ ಸೊಂಟದಲ್ಲಿತ್ತು. ಊರಿನಲ್ಲಿ ಮಾತ್ರ ಕಾಶಿಯಲ್ಲಿ ನಶ್ಯ ಬಿಟ್ಟ ಗಟ್ಟಿ ಹೆಂಗಸು ಎಂದು ಹೆಸರಾಯಿತು. ಹೆಸರು ಬಂದ ಮೇಲೆ ಬಚ್ಚಲುಮನೆಯೇ ಗತಿ.

ಏಳನೆಯ ಆಣೆಗೆ ಅವರು ಆರಿಸಿದ್ದು ತಿರುಮಕೂಡಲು ನರಸೀಪುರದ ಸಂಗಮವನ್ನು. ಒಂದು ನದಿಯಲ್ಲಿ ಮಾಡಿಸಿದ ಆಣೆ ನಿಲ್ಲಲಿಲ್ಲ, ಎರಡು ನದಿ ಸೇರುವ ಕಡೆ ಮಾಡಿಸಿದರೆ ನಿಂತೀತು ಎನ್ನುವುದು ಅವರ ಲೆಕ್ಕಾಚಾರ. ಎಂಬತ್ತಮೂರನೇ ಇಸವಿಯ ಶ್ರಾವಣದಲ್ಲಿ ಮಗ ಸೊಸೆಯರನ್ನು ಕಟ್ಟಿಕೊಂಡು ಬಸ್ಸು ಹತ್ತಿದರು. ಕಾವೇರಿ ಕಪಿಲೆಯರಲ್ಲಿ ಮಗನನ್ನು ಮೂರು ಮುಳುಗು ಹಾಕಿಸಿ, ಗುಂಜಾ ನರಸಿಂಹಸ್ವಾಮಿಯ ಎದುರು ಬಾಯಿಬಿಟ್ಟು ಹೇಳಿಸಿದರು. ಸೀತಾರಾಮ ಅತ್ತ. ರಂಗನಾಯಕಿ ಅಳಲಿಲ್ಲ. ಆರು ಸಲ ಅತ್ತು ಅವಳಿಗೆ ಸಾಕಾಗಿತ್ತು.

ಬಸ್ ಸ್ಟ್ಯಾಂಡಿಗೆ ಬಂದು, ಎಲೆ ಅಡಿಕೆ ತರುತ್ತೇನೆಂದು ಹೋದ ಸೀತಾರಾಮ ಎರಡು ಗಂಟೆಯಾದರೂ ಬರಲಿಲ್ಲ. ಕೊನೆಗೆ ಬಿಳೀ ಪ್ಯಾಂಟಿನ ಒಬ್ಬ ವಯಸ್ಸಾದ ಮನುಷ್ಯ ಸೈಕಲ್ಲು ತಳ್ಳಿಕೊಂಡು ಬಂದು, ನಂಜನಗೂಡಿನ ಅಡುಗೆಯವರ ಮನೆಯವರು ನೀವೇನಾ ಎಂದು ಕೇಳಿದ. ಹಿಂದಿನ ಬೀದಿಯ ಚರ್ಚಿನ ಜಗಲಿಯ ಮೇಲೆ ಸೀತಾರಾಮ ಮಲಗಿದ್ದ. ಯಾರೋ ತಲೆಯ ಕೆಳಗೆ ಟವೆಲು ಮಡಿಸಿ ಇಟ್ಟಿದ್ದರು, ಪಕ್ಕದಲ್ಲಿ ನಿಂಬೆಹಣ್ಣಿನ ನೀರು ಇತ್ತು. ಭಾಗೀರಥಮ್ಮನವರು ಗೋಪುರದ ಮೇಲಿನ ಶಿಲುಬೆ ನೋಡಿದವರೇ ಗೇಟಿನ ಹೊರಗೆ ನಿಂತುಬಿಟ್ಟರು. ಒದ್ದೆ ಬಟ್ಟೆಯ ಗಂಟನ್ನು ಸೊಂಟಕ್ಕಿಟ್ಟುಕೊಂಡು, ಮಗನನ್ನೂ ಎರಡು ನದಿಗಳನ್ನೂ ಒಟ್ಟಿಗೆ ಬೈದರು. ಹೀಗಾಗಿ ಒಳಗೆ ಆ ಮನುಷ್ಯ ಸೊಸೆಗೆ ಏನು ಹೇಳಿದನೆಂಬುದು ಅವರ ಕಿವಿಗೆ ಬೀಳಲಿಲ್ಲ.

ಆ ಮನುಷ್ಯನ ಹೆಸರು ಅರುಳಪ್ಪ, ರಿಟೈರಾದ ಕಾಂಪೌಂಡರು. ಗುರುವಾರ ಐದು ಗಂಟೆಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ಕುಡಿತ ಬಿಡಬೇಕೆನ್ನುವ ಏಳೆಂಟು ಮಂದಿ ಸೇರಿ ಕೂರುತ್ತೇವೆ, ಯಾವ ಜಾತಿ ಮತ ಅಂತ ಕೇಳುವುದಿಲ್ಲ, ನಾನೂ ಹದಿನೈದು ವರ್ಷ ಕುಡಿದವನೇ, ಬರಬೇಕು ಅನ್ನಿಸಿದರೆ ಕಳಿಸಿಕೊಡಿ ಎಂದಷ್ಟೇ ಅವರು ಹೇಳಿದ್ದರು. ಬೈಗುಳವಿಲ್ಲ, ಉಪದೇಶವಿಲ್ಲ. ಅದೇ ರಂಗನಾಯಕಿಗೆ ವಿಚಿತ್ರವೆನಿಸಿತು. ಮುಂದಿನ ಗುರುವಾರ ಮಧ್ಯಾಹ್ನ ಗಂಡನ ಕೈಗೆ ಬಸ್ ಚಾರ್ಜು ಕೊಟ್ಟು ಕಳಿಸಿದಳು. ಅತ್ತೆಗೆ, ನರಸಿಂಹಸ್ವಾಮಿಗೆ ಪ್ರತಿ ಗುರುವಾರ ಹೋಗಿಬರುತ್ತಾರಂತೆ ಎಂದಳು.

ಒಂಬತ್ತು ದಿನವಾಯಿತು. ಹತ್ತನೆಯ ದಿನ ಬೆಳಿಗ್ಗೆ ಭಾಗೀರಥಮ್ಮನವರು ಮಗನ ಪಕ್ಕ ಸುಳಿದಾಡಿ ಉಸಿರು ಎಳೆದು ನೋಡಿದರು. ಕಾಫಿಯ ವಾಸನೆ ಮಾತ್ರ. ಹದಿನೈದು ದಿನವಾಯಿತು, ಇಪ್ಪತ್ತಾಯಿತು. ಸೀತಾರಾಮ ಮನೆಯ ಅಡುಗೆಗೆ ಕೈಹಾಕಿದ. ಹುಳಿಗೆ ಮೆಂತ್ಯ ಹೆಚ್ಚಾಯಿತು ಎಂದು ಹೆಂಡತಿಯ ಜೊತೆ ಜಗಳವಾಡಿದ. ಮನೆಯಲ್ಲಿ ಮೆಂತ್ಯದ ವಿಷಯಕ್ಕೆ ಜಗಳವಾಗಿ ಎಷ್ಟು ವರ್ಷವಾಗಿತ್ತೋ. ರಂಗನಾಯಕಿ ಸೆರಗಿನ ಹಿಂದೆ ನಗುತ್ತಲೇ ಜಗಳವಾಡಿದಳು. ಪಿಯುಸಿ ಓದುತ್ತಿದ್ದ ಅಂಬುಜ ಗೆಳತಿಯರನ್ನು ಮನೆಗೆ ಕರೆದುಕೊಂಡು ಬರುವುದಕ್ಕೆ ಶುರುಮಾಡಿದಳು. ಭಾಗೀರಥಮ್ಮನವರು ಬೀದಿಯ ಎರಡು ಕಡೆಗೂ ನರಸಿಂಹಸ್ವಾಮಿಯ ಮಹಿಮೆ ಹಂಚಿ ಬಂದರು.

ಆರನೆಯ ಗುರುವಾರ ಮಗ ಹೊರಡುವಾಗ ಅವರು ತಡೆದು ನಿಲ್ಲಿಸಿದರು. ಐದು ವಾರವಾಯಿತು, ಆ ದೇವಸ್ಥಾನದಿಂದ ಒಂದು ಚಿಟಿಕೆ ಕುಂಕುಮ, ಒಂದು ದಳ ತುಳಸಿ ಮನೆಗೆ ಬರಲಿಲ್ಲವಲ್ಲ ಎಂದು ಕೇಳಿದರು. ರಂಗನಾಯಕಿ ಅಡುಗೆಮನೆಯಿಂದ ಏನೋ ಹೇಳುವುದಕ್ಕೆ ಬಂದಳು. ಸೀತಾರಾಮ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದ.

"ಅಮ್ಮ, ನಾನು ದೇವಸ್ಥಾನಕ್ಕೆ ಹೋಗ್ತಿಲ್ಲ. ಚರ್ಚಿಗೆ ಹೋಗ್ತಿದೀನಿ. ಅಲ್ಲಿ ಸುಳ್ಳು ಹೇಳಬೇಡ ಅಂತ ಹೇಳ್ಕೊಟ್ಟಿದಾರೆ. ಅದಕ್ಕೇ ಹೇಳ್ತಿದೀನಿ."

ಆಮೇಲೆ ನಡೆದದ್ದು ಬೀದಿಗೆಲ್ಲ ಕೇಳಿಸಿತು. ಮನೆತನ, ಮಡಿ, ಸತ್ತ ಯಜಮಾನರು, ಮುಂದೆ ಮದುವೆಯಾಗಬೇಕಾದ ಮೊಮ್ಮಗಳು, ಎಲ್ಲರೂ ಆ ಜಗಳಕ್ಕೆ ಬಂದು ಹೋದರು. ಗುಟ್ಟು ಮಾಡಿದ್ದಕ್ಕೆ ರಂಗನಾಯಕಿಗೂ ಅದರಲ್ಲಿ ಪಾಲು ಸಿಕ್ಕಿತು.

"ಅಲ್ಲಿ ಏನೋ ಮಾಡ್ತಾರೆ ನಿನಗೆ?" ಎಂದು ಭಾಗೀರಥಮ್ಮನವರು ಕೊನೆಗೆ ಕೇಳಿದರು.

"ಏನೂ ಮಾಡಲ್ಲ ಅಮ್ಮ. ಸುತ್ತ ಕೂತ್ಕೋತೀವಿ. ಅರುಳಪ್ಪನವರು ಒಂದು ಪ್ರಾರ್ಥನೆ ಹೇಳ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಅವರವರ ವಿಷಯ ಹೇಳ್ಕೋತೀವಿ. ಕಾಫಿ ಕುಡೀತೀವಿ, ಬರ್ತೀವಿ."

"ಆಣೆ?"

"ಆಣೆ ಇಲ್ಲ. ಇವತ್ತೊಂದು ದಿನ ಕುಡಿಯಲ್ಲ, ಅಷ್ಟೇ."

ಇದು ಅವರಿಗೆ ಶಿಲುಬೆಗಿಂತ ಹೆಚ್ಚು ಅಸಹ್ಯವಾಗಿ ಕಂಡಿತು. ಏಳು ಜನ್ಮಕ್ಕಾಗುವಷ್ಟು ಆಣೆ ಮಾಡಿಸಿದ ಕೈ ಅವರದು. ಒಂದು ದಿನದ ವ್ರತವೂ ಒಂದು ವ್ರತವೇ? ಸುತ್ತ ಕೂತು ಮಾತಾಡುವುದು ತಾನೇ, ಅದಕ್ಕೆ ನರಸೀಪುರದ ತನಕ ಯಾಕೆ ಹೋಗಬೇಕು, ನಮ್ಮ ಮನೆಯಲ್ಲೇ ಮಾಡೋಣ, ನಮ್ಮವರೇ ಬರಲಿ ಎಂದು ತೀರ್ಮಾನ ಕೊಟ್ಟರು. ಆ ಗುರುವಾರದ ಬಸ್ಸು ಸೀತಾರಾಮನನ್ನು ಬಿಟ್ಟು ಹೋಯಿತು.

ಭಾನುವಾರ ಸಾಯಂಕಾಲ ಭಾಗೀರಥಮ್ಮನವರ ಕೂಟ ಸೇರಿತು. ನಡುಮನೆಯಲ್ಲಿ ಜಮಖಾನ ಹಾಸಿದ್ದರು. ಪುರೋಹಿತ ನಂಜುಂಡಯ್ಯನವರು ಬಂದರು, ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಬದರೀನಾರಾಯಣರು ಬಂದರು, ಮೈಸೂರಿನಿಂದ ಇಬ್ಬರು ಸೋದರಮಾವಂದಿರೂ ಬಂದರು. ರಂಗನಾಯಕಿ ಎರಡು ಸೇರು ರವೆಯ ಉಪ್ಪಿಟ್ಟು ಮಾಡಿದಳು, ರಸಬಾಳೆ ಹಣ್ಣು ಇಟ್ಟಳು. ಎಲ್ಲರೂ ಸುತ್ತ ಕೂತರು. ಅಲ್ಲಿಯವರೆಗೆ ಎಲ್ಲಾ ನರಸೀಪುರದ ಹಾಗೇ ಇತ್ತು.

ನಂಜುಂಡಯ್ಯನವರು ಗಂಟಲು ಸರಿಮಾಡಿಕೊಂಡು ಮದ್ಯಪಾನಕ್ಕೆ ಶಾಸ್ತ್ರದಲ್ಲಿ ಹೇಳಿರುವ ಶಿಕ್ಷೆಗಳನ್ನು ಕ್ರಮವಾಗಿ ಹೇಳಿದರು. ಕಾದ ಸೀಸದವರೆಗೆ ಬಂದಾಗ ಉಪ್ಪಿಟ್ಟಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು. ಮೇಷ್ಟ್ರು ಪಿತ್ತಜನಕಾಂಗದ ಚಿತ್ರವನ್ನು ನೆಲದ ಮೇಲೆ ಬೆರಳಲ್ಲಿ ಬರೆದು ವಿವರಿಸಿದರು. ಹಿರಿಯ ಸೋದರಮಾವ, ನಿನ್ನ ವಯಸ್ಸಿಗೆ ನಾನು ಸೈಟು ತಗೊಂಡಿದ್ದೆ ಎಂದರು. ಕಿರಿಯವರು ಬೆಳಿಗ್ಗೆ ತಣ್ಣೀರು ಸ್ನಾನ ಎಂದರು. ಒಬ್ಬರು ಬುದ್ಧಿ ಹೇಳಿ ಸುಸ್ತಾದಾಗ ಇನ್ನೊಬ್ಬರು ಹೆಗಲು ಕೊಟ್ಟರು. ಎರಡು ಗಂಟೆ ಕಾಲ ತಮ್ಮ ವಿಷಯವನ್ನು ಯಾರೊಬ್ಬರೂ ಎತ್ತಲಿಲ್ಲ. ನಡುವೆ ಕೂತ ಸೀತಾರಾಮನ ತಲೆ ಇಂಚಿಂಚೇ ಕೆಳಗೆ ಹೋಯಿತು. ಅವನ ಬೆರಳುಗಳು ನಡುಗುತ್ತಿರುವುದು ಭಾಗೀರಥಮ್ಮನವರ ಕಣ್ಣಿಗೆ ಬಿತ್ತು. ಐದು ವಾರದಿಂದ ಆ ನಡುಕ ಇರಲಿಲ್ಲ.

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಸಭೆ ಮುಗಿಯಿತು. ಬುದ್ಧಿ ಹೇಳಿದವರು ಕೈತೊಳೆದುಕೊಂಡು, ಎಲ್ಲಾ ನಂಜುಂಡನ ಇಚ್ಛೆ ಎಂದು ಹೇಳಿ ಹೋದರು.

"ಅಲ್ಲಿ ಯಾರೂ ಬುದ್ಧಿ ಹೇಳಲ್ವಂತೆ ಅತ್ತೆ," ಎಂದಳು ರಂಗನಾಯಕಿ, ಜಮಖಾನ ಮಡಿಸುತ್ತಾ. "ಅದಕ್ಕೇ ಇವರು ಅಲ್ಲಿಗೆ ಹೋಗ್ತಿದ್ದದ್ದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಭಾಗೀರಥಮ್ಮನವರಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಅಂಬುಜ ಬಾಗಿಲಲ್ಲಿ ನಿಂತು ದಾರಿ ನೋಡಿದಳು. ಭಾಗೀರಥಮ್ಮನವರು ಬಚ್ಚಲುಮನೆಗೆ ಹೋಗಿ ಒಂದಕ್ಕೆ ಎರಡು ಚಿಟಿಕೆ ಏರಿಸಿ ಬಂದರು. ಅವರಿಗೆ ನಿಜವಾಗಿ ಭಯವಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಸೀತಾರಾಮ ಬಂದ. ನೆಟ್ಟಗೆ ನಡೆದೇ ಬಂದ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತಿದ್ದನಂತೆ.

"ಇವತ್ತು ಹೇಗೋ ಆಯ್ತು ಅಮ್ಮ," ಎಂದ. "ನನ್ನೊಬ್ಬನ ಕೈಲಿ ಹೀಗೇ ದಿನಾ ಆಗಲ್ಲ. ನನ್ನ ಅಲ್ಲಿಗೆ ಕಳಿಸಿಕೊಡು."

ನಲವತ್ತೆರಡು ವರ್ಷದ ಗಂಡಸು, ಶಾಲೆಗೆ ಕಳಿಸು ಎಂದು ಕೇಳುವ ಮಗುವಿನ ಹಾಗೆ ಕೇಳಿದ. ಭಾಗೀರಥಮ್ಮನವರು, ಕಳಿಸುತ್ತೇನೆ, ಆದರೆ ನಾನೂ ಬರುತ್ತೇನೆ, ಅದೇನು ಮಾಡುತ್ತಾರೋ ಕಣ್ಣಾರೆ ನೋಡುತ್ತೇನೆ ಎಂದರು.

ಗುರುವಾರ ಅವರು ಹೊರಟ ವೈಖರಿ ನೋಡಬೇಕಿತ್ತು. ಕುಡಿಯುವ ನೀರಿಗೆ ತಮ್ಮದೇ ಚೊಂಬು, ಕೂರುವುದಕ್ಕೆ ತಮ್ಮದೇ ಮಣೆ, ಹಣೆಗೆ ಎರಡು ದಿನಕ್ಕಾಗುವಷ್ಟು ವಿಭೂತಿ. ಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಮಗ ಹಿಂದೆ ನಡೆದ. ಬಸ್ಸಿನ ಕಂಡಕ್ಟರು ಮಣೆಗೂ ಟಿಕೆಟ್ ಬೇಕಾ ಎಂದು ಕೇಳಿ ಬೈಸಿಕೊಂಡ.

ಚರ್ಚಿನ ಹಿಂದಿನ ಕೋಣೆ ಅವರು ಎಣಿಸಿದ ಹಾಗಿರಲಿಲ್ಲ. ಸುಣ್ಣ ಬಳಿದ ಗೋಡೆ, ಒಂದು ಶಿಲುಬೆ, ಮೇಜಿನ ಮೇಲೆ ಒಂದು ಮೇಣದಬತ್ತಿ, ಒಂದು ಸಣ್ಣ ಗಂಟೆ, ಚಾಪೆಗಳು. ಏಳು ಗಂಡಸರು, ಮೂವರು ಹೆಂಗಸರು. ಭಾಗೀರಥಮ್ಮನವರು ಬಾಗಿಲ ಹತ್ತಿರ ಮಣೆ ಹಾಕಿ ಕೂತರು. ಅರುಳಪ್ಪ ಕೈಮುಗಿದು ಮಾತಾಡಿಸಿ, ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಆ ಮಾತು ತಮ್ಮ ಮೇಲೆ ಬೀಳಬಾರದೆಂದು ಭಾಗೀರಥಮ್ಮನವರು ಮನಸ್ಸಿನಲ್ಲೇ ಶಿವ ಪಂಚಾಕ್ಷರಿ ಜಪಿಸತೊಡಗಿದರು.

"ಸ್ವಾಮಿ ಯೇಸುವೇ, ನಮ್ಮ ಕೈಯಲ್ಲಿ ಆಗಲಿಲ್ಲ. ಅದನ್ನ ನಿನ್ನ ಹತ್ರ ಹೇಳೋಕೆ ಬಂದಿದೀವಿ. ಇವತ್ತಿನ ದಿನ ನೀನೇ ಕೈಹಿಡಿದು ದಾಟಿಸು."

ಅಷ್ಟೇ ಪ್ರಾರ್ಥನೆ. ಭಾಗೀರಥಮ್ಮನವರ ಜಪ ಅರ್ಧಕ್ಕೆ ನಿಂತಿತು. ನಂಜುಂಡೇಶ್ವರನ ಮುಂದೆ ಅವರು ಮಗನಿಗಾಗಿ ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ನನ್ನ ಕೈಯಲ್ಲಿ ಆಗಲಿಲ್ಲ ಎಂದು ಮಾತ್ರ ಒಂದು ದಿನವೂ ಹೇಳಿರಲಿಲ್ಲ.

ಮೊದಲು ಮಾತಾಡಿದವನು ಹದಿನಾರು ಎಂಬ ಹಳ್ಳಿಯ ರೈತ ಮಲ್ಲಯ್ಯ. "ನಾನು ಮಲ್ಲಯ್ಯ, ಅದಿನಾರ್ನೋನು. ಇವತ್ತು ಕುಡ್ದಿಲ್ಲ," ಎಂದ. "ಮೊನ್ನೆ ಜಗ್ಲಿ ಮ್ಯಾಲೆ ಕೂತಿದ್ದೆ. ನನ್ ಮಗ್ಳು ಬಂದು ಪಕ್ದಲ್ಲಿ ಕೂತ್ಕಂಡ್ಲು. ಮೂಸ್ ನೋಡ್ದೆ ಕೂತ್ಕಂಡ್ಲು. ಅಷ್ಟೇಯ ನಾನ್ ಯೋಳಾದು."

ಹತ್ತನೆಯ ದಿನ ಮಗನ ಸುತ್ತ ಸುಳಿದು ಉಸಿರು ಎಳೆದದ್ದು ಭಾಗೀರಥಮ್ಮನವರಿಗೆ ನೆನಪಾಯಿತು. ಆದರೂ ಬಾಯಿ ಅಭ್ಯಾಸ ಬಿಡಲಿಲ್ಲ. ಮಜ್ಜಿಗೆಗೆ ಇಂಗು ಹಾಕಿ ಕುಡಿಯಪ್ಪ, ಚಪಲ ಬಂದಾಗ ಎಂದು ಶುರುಮಾಡಿದರು. ಅರುಳಪ್ಪ ಗಂಟೆಯನ್ನು ಒಂದು ಸಲ ಬಾರಿಸಿದರು.

"ತಾಯಿ, ಇಲ್ಲಿ ಬುದ್ಧಿ ಹೇಳೋ ಹಾಗಿಲ್ಲ. ನಮ್ಮ ನಮ್ಮ ವಿಷಯ ಮಾತ್ರ ಹೇಳ್ಕೋಬಹುದು."

ಆಮೇಲೆ ಅರುಳಪ್ಪ ತಮ್ಮದನ್ನು ಹೇಳಿದರು. ಇದೇ ಚರ್ಚಿನ ಜಗಲಿಯ ಮೇಲೆ ಒಂದು ಬೆಳಿಗ್ಗೆ ಬಿದ್ದಿದ್ದವನು ನಾನೂ, ನನ್ನನ್ನು ಎತ್ತಿದ್ದು ನನ್ನ ಯೇಸು, ಆ ಋಣಕ್ಕೆ ಈ ಬಾಗಿಲು ತೆಗೆದಿಟ್ಟಿದ್ದೇನೆ ಎಂದರು. ಸೀತಾರಾಮ ಮಾತಾಡಿದ. ನಾನು ಅಮ್ಮನಿಗೆ ಏಳು ಸಲ ಆಣೆ ಮಾಡಿದೆ, ಏಳು ಸಲವೂ ಮೋಸ ಮಾಡಬೇಕು ಅಂತ ಮಾಡಲಿಲ್ಲ, ಅವಳಿಗೆ ಮುಖ ತೋರಿಸುವುದಕ್ಕೆ ನಾಚಿಕೆಯಾಗಿ ಮತ್ತೆ ಕುಡಿದೆ ಎಂದ. ಯಾರೂ ತಲೆಯಾಡಿಸಿ ಲೊಚಗುಟ್ಟಲಿಲ್ಲ. ಸುಮ್ಮನೆ ಕೇಳಿಸಿಕೊಂಡರು.

ಸರದಿ ಬಾಗಿಲ ಹತ್ತಿರ ಬಂತು. ಬೇಡವಾದರೆ ಸುಮ್ಮನಿರಬಹುದು ಎಂದರು ಅರುಳಪ್ಪ. ಸುಮ್ಮನಿರುವುದು ಭಾಗೀರಥಮ್ಮನವರಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಬುದ್ಧಿಯನ್ನೂ ಹೇಳುವ ಹಾಗಿಲ್ಲ. ಉಳಿದದ್ದು ತಮ್ಮ ವಿಷಯವೊಂದೇ. ಅವರು ಬಾಯಿ ತೆರೆದರು, ಮುಚ್ಚಿದರು. ಮಗನ ಕಡೆ ನೋಡಲಿಲ್ಲ.

"ನಾನು ಭಾಗೀರಥಮ್ಮ," ಎಂದರು. "ಹನ್ನೆರಡು ವರ್ಷದ ಹಿಂದೆ ಕಾಶೀಲಿ ಗಂಗೆ ಮುಂದೆ ನಶ್ಯ ಬಿಟ್ಟೆ. ಮೂರನೇ ದಿನಕ್ಕೇ ಮತ್ತೆ ಶುರುಮಾಡಿದೆ. ಬಚ್ಚಲುಮನೇಲಿ ಬಚ್ಚಿಟ್ಕೊಂಡು ಹಾಕ್ತೀನಿ. ಇವತ್ತು ಬೆಳಿಗ್ಗೆ ಮೂರು ಸಲ ಹಾಕಿದೀನಿ. ಆಣೆ ಮುರಿದವಳು ನಾನೇ ಇದ್ಕೊಂಡು, ಈ ಮಗು ಕೈಲಿ ಏಳು ಸಲ ಆಣೆ ಮಾಡಿಸಿದೆ. ನನ್ನ ಕೈಲೂ ಆಗಲಿಲ್ಲ ಕಣಪ್ಪ."

ಆಮೇಲೆ ಮಲ್ಲಯ್ಯ, "ಒಳ್ಳೇದಾಯ್ತು ಕಣವ್ವ, ಬಾ," ಎಂದು ತಾನು ಕೂತಿದ್ದ ಚಾಪೆಯಲ್ಲಿ ಅತ್ತ ಸರಿದು ಜಾಗ ಬಿಟ್ಟ. ಒಬ್ಬಳು ಹೆಂಗಸು ನಕ್ಕಳು, ಅದರ ಹಿಂದೆ ಎಲ್ಲರೂ ನಕ್ಕರು. ಆಡಿಕೊಳ್ಳುವ ನಗು ಅಲ್ಲವೆಂದು ಅವರಿಗೆ ತಿಳಿಯಿತು. ಭಾಗೀರಥಮ್ಮನವರು ಕಣ್ಣೊರೆಸಿಕೊಂಡು ಮಣೆ ಬಿಟ್ಟು ಎದ್ದರು, ಚಾಪೆಯ ಮೇಲೆ ಬಂದು ಕೂತರು. ಎದೆ ಹಗುರವಾಗಿತ್ತು. ಇಷ್ಟು ಹಗುರ ಗಂಗೆಯಲ್ಲಿ ಮುಳುಗೆದ್ದಾಗಲೂ ಆಗಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಸೀತಾರಾಮ ಬಹಳ ಹೊತ್ತು ಕಿಟಕಿಯಾಚೆಯ ಗದ್ದೆ ನೋಡಿದ. ಆಮೇಲೆ ಮೆಲ್ಲಗೆ, ನನಗೆ ಗೊತ್ತಿತ್ತು ಅಮ್ಮ ಎಂದ. ಸೌದೆಯ ಹಿಂದೆ ಬಾಟಲಿ ಇಡುವಾಗಲೆಲ್ಲ ಡಬ್ಬಿ ಕೈಗೆ ತಾಕುತ್ತಿತ್ತಂತೆ.

"ಗೊತ್ತಿದ್ದೂ ಯಾಕೋ ಹೇಳಲಿಲ್ಲ? ನಾನು ಅಷ್ಟು ಬೈತಿದ್ದೆನಲ್ಲ, ಒಂದು ಸಲ ತಿರುಗಿ ಅಂದಿದ್ರೆ ನನ್ನ ಬಾಯಿ ಮುಚ್ಚಿಹೋಗ್ತಿತ್ತು."

"ಊರಲ್ಲಿ ನಿನಗೆ ಅದೊಂದು ಹೆಸರಿತ್ತಲ್ಲ ಅಮ್ಮ. ನನ್ನಿಂದ ಅದೂ ಹೋಗೋದು ಬೇಡ ಅನ್ನಿಸ್ತು."

ಭಾಗೀರಥಮ್ಮನವರು ಮಗನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ನಂಜನಗೂಡು ಬರುವ ತನಕ ಬಿಡಲಿಲ್ಲ. ಕುಡಿದು ಬಂದ ದಿನಗಳಲ್ಲೂ ಅವನೊಳಗೆ ಇಷ್ಟು ಪ್ರೀತಿ ಉಳಿದಿತ್ತೆಂದು ಅವರಿಗೆ ಈಗ ತಿಳಿಯಿತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ದಿನಗಳನ್ನು ಎಣಿಸುವವರು ಇಬ್ಬರಾದರು. ನಶ್ಯ ಬಿಟ್ಟ ಮೊದಲ ವಾರ ಭಾಗೀರಥಮ್ಮನವರ ಹತ್ತಿರ ಯಾರೂ ಸುಳಿಯುವ ಹಾಗಿರಲಿಲ್ಲ. ಕಾಫಿಗೆ ಸಕ್ಕರೆ ಹೆಚ್ಚು, ಬಿಸಿಲು ಹೆಚ್ಚು, ರೇಡಿಯೋ ಸದ್ದು ಹೆಚ್ಚು. ಸೊಸೆ ಸಹಿಸಿಕೊಂಡಳು. ಮೊಮ್ಮಗಳು ಸಹಿಸಿಕೊಳ್ಳಲಿಲ್ಲ, ಅಜ್ಜಿ, ಅಪ್ಪ ಬಿಡುವಾಗಲೂ ಇಷ್ಟು ಹಾರಾಡಲಿಲ್ಲ ಎಂದುಬಿಟ್ಟಳು. ಎರಡನೆಯ ವಾರ ಅವರಿಗೆ ಮಲ್ಲಿಗೆಯ ವಾಸನೆ, ಹುರಿದ ಕೊತ್ತಂಬರಿಬೀಜದ ವಾಸನೆ ಹೊಸದಾಗಿ ತಿಳಿಯತೊಡಗಿತು. ಎಲ್ಲರ ಹುಳಿಗೂ ತಪ್ಪು ಹುಡುಕಿದರು. ಮೂರನೆಯ ಗುರುವಾರ ಚರ್ಚಿನ ಕೋಣೆಯಲ್ಲಿ ಕಾಫಿಯನ್ನೂ ಕುಡಿದರು. ಡಿಕಾಕ್ಷನ್ ನೀರಾಗಿದೆ ಎಂದು ಹೆಸರಿಟ್ಟರು. ನಾಲ್ಕನೆಯ ಗುರುವಾರದಿಂದ ಡಿಕಾಕ್ಷನ್ ಅವರ ಮನೆಯಿಂದಲೇ ಹೋಗತೊಡಗಿತು, ಜೊತೆಗೆ ಸೀತಾರಾಮ ಕರಿದ ಕೋಡುಬಳೆ. ಬೀದಿಯಲ್ಲಿ ಮಾತು ಹುಟ್ಟಿತು. ನಂಜುಂಡಯ್ಯನವರು ಕಿರಸ್ತಾನರ ಸಹವಾಸದ ಬಗ್ಗೆ ಕೇಳಿದ್ದಕ್ಕೆ, ನಾನು ಈಗಲೂ ಮೂರು ಹೊತ್ತು ನಂಜುಂಡನಿಗೇ ಕೈಮುಗಿಯುತ್ತೇನೆ, ಅವನ ಹತ್ತಿರ ಹೇಳಬೇಕಾದ ಮಾತನ್ನು ಅಲ್ಲಿ ಕಲಿತು ಬಂದೆ ಎಂದರು. ಅಷ್ಟೇ ಹೇಳಿ ನಿಲ್ಲಿಸಿದ್ದು ಬೀದಿಗೇ ಆಶ್ಚರ್ಯ.

ನವರಾತ್ರಿ ಕಳೆಯಿತು, ದೀಪಾವಳಿ ಕಳೆಯಿತು. ಸೀತಾರಾಮನ ಕೈ ನೆಟ್ಟಗಾಯಿತು. ಕಾರ್ತಿಕದಲ್ಲಿ ಹತ್ತಿರದ ಕಳಲೆ ಊರಿನ ಒಂದು ಮದುವೆಗೆ ಅಡುಗೆಗೆ ಕರೆ ಬಂತು, ಮುನ್ನೂರು ಎಲೆ. ಎರಡು ವರ್ಷದಲ್ಲಿ ಮೊದಲ ದೊಡ್ಡ ಕೆಲಸ. ಮಂಗಳವಾರ ಅವನು ಜಾಲರಿ ಸೌಟು ಕಟ್ಟಿಕೊಂಡು ಹೋಗುವಾಗ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಬುಧವಾರವಿಡೀ ರಂಗನಾಯಕಿ ಒಂದೇ ಪಾತ್ರೆಯನ್ನು ಮೂರು ಸಲ ತೊಳೆದಳು.

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಸೀತಾರಾಮ ಬಂದ. ಭಾಗೀರಥಮ್ಮನವರು ದೋಸೆಗೆ ಹೆಂಚು ಕಾಯಿಸುತ್ತಿದ್ದರು. ಅವನು ಸೌಟುಗಳನ್ನು ಜಗಲಿಯ ಮೇಲಿಟ್ಟು, ನಡುಮನೆಯಲ್ಲಿ ನಿಂತ. ಮೈಸೂರು ಪಾಕು ಚೆನ್ನಾಗಿ ಬಂತು, ಬೀಗರು ಎರಡೆರಡು ಸಲ ಹಾಕಿಸಿಕೊಂಡರು ಎಂದ. ರಂಗನಾಯಕಿಯ ಮುಖ ಅರಳಿತು.

"ನಿನ್ನೆ ಎಲ್ಲಾ ಮುಗಿದ ಮೇಲೆ ಕುಡಿದೆ," ಎಂದ ಸೀತಾರಾಮ. "ಖುಷಿಯಾಗಿತ್ತು. ಯಾರೋ ಕೊಟ್ಟರು, ಕುಡಿದೆ. ನೀವು ಕಂಡುಹಿಡಿಯೋ ಮುಂಚೆ ನಾನೇ ಹೇಳಬೇಕು ಅಂತ ಬಂದೆ."

ರಂಗನಾಯಕಿ ಗೋಡೆಗೆ ಒರಗಿದಳು. ಅಂಬುಜ ಪುಸ್ತಕ ಮುಚ್ಚಿದಳು. ಹೆಂಚಿನ ಮೇಲೆ ಎಣ್ಣೆ ಹೊಗೆಯಾಡಿತು. ಇಂಥ ಹೊತ್ತಿನಲ್ಲಿ ಮುಂದೇನು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸೀತಾರಾಮನೇ ತಲೆ ತಗ್ಗಿಸಿಕೊಂಡು ದೇವರ ಮನೆಯ ಕಡೆ ಹೆಜ್ಜೆಯಿಟ್ಟ.

"ಎಲ್ಲಿಗೋ?" ಎಂದರು ಭಾಗೀರಥಮ್ಮನವರು.

"ಆಣೆ ಮಾಡೋಕೆ."

ಹತ್ತು ವರ್ಷದಲ್ಲಿ ಅವನು ತಾನಾಗಿ ಬಂದು ಹೇಳಿದ್ದು ಇದೇ ಮೊದಲು. ಬಾಟಲಿ ಸಿಕ್ಕಿರಲಿಲ್ಲ, ವಾಸನೆ ಬಂದಿರಲಿಲ್ಲ, ಯಾರೂ ಚಾಡಿ ಹೇಳಿರಲಿಲ್ಲ. ಭಾಗೀರಥಮ್ಮನವರು ಒಲೆಯ ಉರಿ ಸಣ್ಣ ಮಾಡಿದರು.

"ಆಣೆ ಬೇಡ. ಇವತ್ತು ಕುಡಿದಿದೀಯೇನೋ?"

"ಇಲ್ಲ ಅಮ್ಮ."

"ಹಾಗಿದ್ರೆ ಕೈಕಾಲು ತೊಳ್ಕೊಂಡು ಬಾ. ದೋಸೆ ಹಾಕ್ತೀನಿ."

ಅವನು ಬಂದು ಕೂತ. ಮೊದಲನೆಯ ದೋಸೆ ತಲೆಯೆತ್ತದೆ ತಿಂದ. ಎರಡನೆಯದನ್ನು ತಟ್ಟೆಗೆ ಹಾಕುತ್ತಾ ಭಾಗೀರಥಮ್ಮನವರು ಅಂಬುಜಳನ್ನು ಕರೆದು, ಕ್ಯಾಲೆಂಡರು ನೋಡಿ ತಮ್ಮದು ಎಷ್ಟು ದಿನವಾಯಿತು ಹೇಳು ಎಂದರು. ಅಂಬುಜ ಎಣಿಸಿ, ನಲವತ್ತೊಂದು ಅಜ್ಜಿ ಎಂದಳು.

"ಕೇಳಿಸ್ತೇನೋ ಸೀತು? ನನ್ನದು ನಲವತ್ತೊಂದು. ನಿನ್ನದು ಇವತ್ತಿಗೆ ಒಂದು. ಇನ್ನು ಮೇಲೆ ಆ ಕೂಟದಲ್ಲಿ ನಾನೇ ನಿನಗಿಂತ ದೊಡ್ಡವಳು. ಸಾಯಂಕಾಲ ನನ್ನ ಹಿಂದೆ ಬಂದು ಕೂತ್ಕೋ, ನಾನು ಹೇಳಿದ ಹಾಗೆ ಕೇಳು."

ಸೀತಾರಾಮ ತಲೆಯೆತ್ತಿದ. "ಅಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳೋ ಹಾಗಿಲ್ಲ ಅಮ್ಮ."

"ಗೊತ್ತು ಕಣೋ. ಅದಕ್ಕೇ ಮನೇಲೇ ಹೇಳಿ ಮುಗಿಸ್ತಿದೀನಿ. ತಿನ್ನು."

ಅವನಿಗೆ ನಗು ಬಂತು. ಬಾಯಲ್ಲಿದ್ದ ದೋಸೆ ನೆತ್ತಿಗೇರಿ ಕೆಮ್ಮಿದ, ಕೆಮ್ಮುತ್ತಲೇ ನಕ್ಕ. ರಂಗನಾಯಕಿ ಓಡಿ ಬಂದು ಅವನ ನೆತ್ತಿ ತಟ್ಟಿದಳು, ತಟ್ಟುತ್ತಾ ತಾನೂ ನಗತೊಡಗಿದಳು. ಭಾಗೀರಥಮ್ಮನವರು ಅವರಿಬ್ಬರ ಕಡೆ ನೋಡದೆ, ಮೂರನೆಯ ದೋಸೆಗೆ ಹಿಟ್ಟು ಹೊಯ್ದರು.